ಮಂಡಿಯಡಿಯ ದಿಂಬು

"ಇನ್ನೊಂದು ಸಲ ಒತ್ತಿ," ಎಂದ ಶವಪೆಟ್ಟಿಗೆಯವನು.

ಮಗ ಮುಚ್ಚಳದ ಮೇಲೆ ಎರಡೂ ಅಂಗೈ ಊರಿ ಮೈಭಾರ ಬಿಟ್ಟ. ತಲೆಯ ಕಡೆ ಮುಚ್ಚಳ ಕೂತಿತು, ಕಾಲಿನ ಕಡೆ ಕೂರಲಿಲ್ಲ. ಒಳಗಿನಿಂದ ಎರಡು ಮಂಡಿಗಳು ಅದನ್ನು ಗೇಣೆತ್ತರಕ್ಕೆ ಹಿಡಿದಿದ್ದವು. ಕೈ ತೆಗೆದ ಕೂಡಲೇ ಮುಚ್ಚಳ ಜಾರಿ ಗೋಡೆಗೆ ಬಡಿಯಿತು. ನೆರೆದವರಲ್ಲಿ ಯಾರೋ "ಛೆ" ಎಂದರು, ಯಾರೋ ಮೂಗಿಗೆ ಕರವಸ್ತ್ರ ಒತ್ತಿಕೊಂಡರು. ಸೊಸೆ ಬೆಳಗಿನಿಂದ ಮೂರನೆಯ ಸಲ ಸುಗಂಧದ ಡಬ್ಬಿ ತಂದು ಮೂಲೆಮೂಲೆಗೂ ಚುಯ್ಯೆನಿಸಿದಳು. ಔಷಧಿಯ ವಾಸನೆ, ಬೆವರಿನ ವಾಸನೆ, ಅದರ ಮೇಲೆ ಈ ಕೃತಕ ಹೂವಿನ ವಾಸನೆ ಸೇರಿ ಹಜಾರದಲ್ಲಿ ಉಸಿರಾಡುವುದೇ ಅಸಹ್ಯವಾಗಿತ್ತು.

ಸತ್ತ ಮೇಸ್ತ್ರಿಯ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಅವಳಿಗೆ ವಾಕರಿಕೆ ಬಂತು. ಹೆಣವನ್ನು ಕಂಡು ಬಂದ ವಾಕರಿಕೆಯಲ್ಲ, ಜನರನ್ನು ಕಂಡು ಬಂದದ್ದು.

"ಸತ್ತ ಮೇಲಿನ ಬಿಗಿತ ಆಗಿದ್ರೆ ಇಷ್ಟೊತ್ತಿಗೆ ಸಡಿಲ ಆಗ್ಬೇಕಿತ್ತು," ಎಂದ ಪೆಟ್ಟಿಗೆಯವನು, ಬೆವರು ಒರೆಸಿಕೊಳ್ಳುತ್ತ. "ಇದು ಹಳೇ ಬಿಗಿತ. ಎಷ್ಟು ದಿನದಿಂದ ಕಾಲು ಹೀಗೆ ಮಡಚ್ಕೊಂಡಿತ್ತು?"

"ಎರಡು ವರ್ಷದಿಂದ," ಎಂದ ಮಗ. ಆಮೇಲೆ ಸುತ್ತ ನಿಂತವರಿಗೂ ಕೇಳಿಸುವಂತೆ ಸೇರಿಸಿದ: "ಎರಡು ವರ್ಷ ಅಪ್ಪನ ಕಾಲು ನೆಲಕ್ಕೆ ಊರೋಕೆ ಬಿಟ್ಟಿಲ್ಲ ನಾವು. ಕೂತಲ್ಲಿಗೇ ಊಟ, ಕೂತಲ್ಲಿಗೇ ನೀರು."

"ಹೆತ್ರೆ ಇಂಥ ಮಗನ್ನ ಹೆರಬೇಕು," ಎಂದ ಮೈದುನ. ಸತ್ತವನ ತಮ್ಮನಾದ ಅವನು ಬಂದವನೇ ಅಣ್ಣನ ಮೆತ್ತನೆಯ ಕುರ್ಚಿಯನ್ನೇ ಹಿಡಿದು ಕೂತಿದ್ದ. ಅವನ ಮೈಭಾರಕ್ಕೆ ಕುರ್ಚಿ ಹಿಂದಕ್ಕೆ ವಾಲಿ ಕಾಲುಮಣೆ ಮೇಲೆದ್ದಿತ್ತು. "ನಮ್ಮಣ್ಣ ರಾಜನ ಹಾಗೆ ಹೋದ."

ರಾಜನಂತೆ! ಹಿಂಭಾಗದಲ್ಲಿ ಹುಣ್ಣಾಗಿ, ಎದೆಯಲ್ಲಿ ಕಫ ಕಟ್ಟಿ, ಮಗ್ಗುಲಾಗಲು ಇಬ್ಬರನ್ನು ಕೂಗುತ್ತ ಹೋದವನು.

ಪೆಟ್ಟಿಗೆಯವನು ಗಡಿಯಾರ ನೋಡಿಕೊಂಡ. "ಹನ್ನೊಂದಕ್ಕೆ ಗಾಡಿ ಬರತ್ತೆ. ಮಂಡಿ ಮೇಲೆ ಒಂದು ಹಲಗೆ ಇಟ್ಟು ಯಾರಾದ್ರೂ ಹತ್ತಿ ನಿಂತ್ರೆ ಆಯ್ತು. ಒಂದ್ಸಲ ಲಟಕ್ ಅನ್ನತ್ತೆ, ಅಷ್ಟೇ. ಅವರಿಗೇನು ಗೊತ್ತಾಗತ್ತಾ?"

ಮಗ ಚಪ್ಪಲಿ ಬಿಟ್ಟ.

"ಮುಟ್ಟಿದ್ರೆ ನೋಡು," ಎಂದಳು ಅವನ ತಾಯಿ.

•

ಮೇಸ್ತ್ರಿ ನೆಲಕ್ಕೆ ಟೈಲ್ಸ್ ಹಾಕುವವನು. ಮೂವತ್ತೆಂಟು ವರ್ಷ ಮಂಡಿಯೂರಿ ದುಡಿದ. ಗಾರೆ ಹರಡಿ, ಟೈಲ್ಸ್ ಕೂರಿಸಿ, ಮಟ್ಟ ನೋಡಲು ರಸಮಟ್ಟ ಇಟ್ಟು ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲುವುದನ್ನು ನೋಡಿ, ಕೊನೆಗೆ ಕರಣೆಯ ಹಿಡಿಯಿಂದ ಒಂದೊಂದನ್ನೂ ತಟ್ಟುತ್ತಿದ್ದ. ತುಂಬಿಕೊಂಡಿದ್ದರೆ 'ಟಣ್' ಎನ್ನುತ್ತಿತ್ತು. ಕೆಳಗೆ ಟೊಳ್ಳಿದ್ದರೆ 'ಟೊಪ್'. ಟೊಪ್ ಎಂದದ್ದನ್ನು ಎಬ್ಬಿಸಿ ಮತ್ತೆ ಹಾಕದೆ ಅವನು ಊಟಕ್ಕೆ ಏಳುತ್ತಿರಲಿಲ್ಲ. ಜೊತೆಯ ಕೆಲಸಗಾರ, ಎಲ್ಲರ ಬಾಯಲ್ಲಿ ಕುಳ್ಳ, ಒಮ್ಮೆ ಕೂರದ ಟೈಲ್ಸನ್ನು ಸುತ್ತಿಗೆಯಿಂದ ಗುದ್ದಲು ಹೋದಾಗ ಮೇಸ್ತ್ರಿ ಕೈ ಹಿಡಿದಿದ್ದ.

"ನೆಲದ ತಪ್ಪಿಗೆ ಟೈಲ್ಸಿಗೆ ಹೊಡೀಬೇಡ್ವೋ. ಎತ್ತು. ಕೆಳಗಡೆ ಸರಿ ಮಾಡು."

ಅರವತ್ತಕ್ಕೆ ಮಂಡಿಗಳು ಕೈಕೊಟ್ಟವು. ಕೀಲು ಸವೆದಿದೆ ಎಂದರು ಡಾಕ್ಟರು, ವ್ಯಾಯಾಮ ಹೇಳಿಕೊಡುವ ಹುಡುಗಿಯ ಹತ್ತಿರ ಕಳಿಸಿದರು. ಹೆಂಡತಿಯೂ ಜೊತೆಗೆ ಹೋಗಿದ್ದಳು. ಆ ಹುಡುಗಿ ಮುಲಾಜಿಲ್ಲದವಳು.

"ನೋವಾಗತ್ತೆ ಅಂತ ಕೂತ್ರೆ ಕೂತೇ ಬಿಡ್ತೀರಿ, ಅಷ್ಟೇ. ದಿನಾ ನಡೀರಿ. ಒಂದೇ ಸಲ ಬೇಡ, ಹತ್ತತ್ತು ನಿಮಿಷ. ಮಲಗಿದಾಗ ಕಾಲು ನೀಟ್ಕೊಂಡು ಮಂಡಿಯನ್ನ ಹಾಸಿಗೆಗೆ ಒತ್ತಿ ಐದು ಎಣಿಸಿ. ಮೆಟ್ಟಿಲು ಹತ್ತೋವಾಗ ಒಳ್ಳೇ ಕಾಲು ಮೊದಲು, ಇಳಿಯೋವಾಗ ನೋವಿನ ಕಾಲು ಮೊದಲು." ಆಮೇಲೆ ಹೆಂಡತಿಯ ಕಡೆ ತಿರುಗಿ ಬೆರಳೆತ್ತಿದಳು. "ಅಮ್ಮಾ, ನಿಮಗೂ ಒಂದು ಮಾತು. ಮಂಡಿ ಕೆಳಗೆ ದಿಂಬು ಇಡಬೇಡಿ. ಹಾಯಾಗಿರತ್ತೆ, ಆದ್ರೆ ಕಾಲು ಹಾಗೇ ನಿಂತುಬಿಡತ್ತೆ. ದಿಂಬು ತಲೆಗೆ."

"ಈ ಹುಡುಗಿಗೆ ಕೆಲಸ ಗೊತ್ತು ಕಣೇ," ಎಂದ ಮೇಸ್ತ್ರಿ ಹೊರಗೆ ಬಂದು. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಅವನು ಕೋಲು ಹಿಡಿದು ನಡೆಯಲು ಶುರುಮಾಡಿದ. ಕೋಲಿನ ತುದಿಯ ರಬ್ಬರನ್ನು ಕಿತ್ತೆಸೆದಿದ್ದ. ಜಾರತ್ತೆ ಎಂದು ಹುಡುಗಿ ಬೈದರೆ, "ರಬ್ಬರ್ ಹಾಕಿದ್ರೆ ನೆಲ ಮಾತಾಡಲ್ಲಮ್ಮ" ಎಂದ. ತಾನು ನೆಲ ಹಾಕಿದ ಮನೆಗಳಿಗೆ ಒಂದೊಂದಾಗಿ ಹೋಗಿ, ಹಜಾರದಲ್ಲಿ ಕೋಲೂರಿಕೊಂಡು ಒಂದು ಸುತ್ತು ಹಾಕಿ, ಟೀ ಕುಡಿದು ಬರುತ್ತಿದ್ದ. ಆರು ತಿಂಗಳಿಗೆ ಅವನ ಮುಖದಲ್ಲಿ ಕಳೆ ಬಂದಿತ್ತು. ನೋವು ಹೋಗಿರಲಿಲ್ಲ. "ಅದೂ ಬರತ್ತೆ ಜೊತೆಗೆ, ಬರಲಿ ಬಿಡು," ಎನ್ನುತ್ತಿದ್ದ.

ಕೆಟ್ಟದ್ದು ಎಲ್ಲಿ ಎಂದರೆ, ಮಗ ಟೈಲ್ಸ್ ಅಂಗಡಿ ಇಟ್ಟಿದ್ದ. ಹಾಕುವ ಕೆಲಸಗಾರರನ್ನೂ ಅವನೇ ಕಳಿಸುತ್ತಿದ್ದ. ಅವರು ನೆಲ ಹಾಕಿದ್ದ ಒಂದು ಹೊಸ ಮನೆಗೆ ಮೇಸ್ತ್ರಿಯೂ ನೋಡಲು ಹೋದ. ಮನೆಯ ಯಜಮಾನ, ಅವನ ಬೀಗರು, ಹತ್ತಾರು ಜನರೆದುರು ಕೋಲಿನಿಂದ ತಟ್ಟುತ್ತ ನಡೆದ. "ಇದು ಟೊಳ್ಳು. ಇದೂ ಟೊಳ್ಳು. ಯಾರಪ್ಪ ಇದನ್ನ ಹಾಕಿದ್ದು?"

ಮರುದಿನವೇ ಮೆತ್ತನೆಯ ಕುರ್ಚಿ ಬಂತು. ಕೋಲು ಬೀರುವಿನ ಮೇಲೇರಿತು. "ಈ ವಯಸ್ಸಲ್ಲಿ ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ನೋಡ್ತಾರೆ?" ಎಂದ ಮಗ. ಊರಿಗೆಲ್ಲ ಅದು ಪಿತೃಭಕ್ತಿಯಾಗಿ ಕಂಡಿತು.

•

"ಅಮ್ಮಾ, ಹಟ ಮಾಡ್ಬೇಡಿ," ಎಂದ ಮಗ. "ಮುಚ್ಚಳ ಹಾಕದೆ ಬೀದಿಯಲ್ಲಿ ತಗೊಂಡು ಹೋಗೋಕಾಗತ್ತಾ? ಜನ ಏನಂತಾರೆ?"

"ಜನ ಜನ ಅಂತಾನೇ ಅವರನ್ನ ಕೂರಿಸಿದೆ. ಈಗ ಜನ ಅಂತ ಮುರೀತೀಯಾ?"

"ನಾನೇನು ಬೇಕು ಅಂತ ಮಾಡಿದ್ನಾ? ಅವರು ನೋವು ನೋವು ಅಂತಿದ್ದಾಗ ನಿಮಗೆ ನೋಡೋಕಾಗ್ತಿತ್ತಾ?"

ಅದೊಂದು ಮಾತು ನಿಜ.

•

ಅದು ಮಧ್ಯಾಹ್ನದ ಹೊತ್ತು, ಕುರ್ಚಿ ಬಂದು ವಾರವಾಗಿತ್ತು. ಕೂತು ಕೂತು ಮಂಡಿ ಹಿಡಿದುಕೊಂಡಿತ್ತು. ನೀಟಲು ಹೋದಾಗಲೆಲ್ಲ ಮೇಸ್ತ್ರಿ ಹಲ್ಲು ಕಚ್ಚಿ ನರಳುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ. ಒಳಗಿನಿಂದ ಹಳದಿ ಗೌಸಿನ ದಿಂಬು ತಂದು ಮಂಡಿಯ ಕೆಳಗೆ ತೂರಿಸಿದಳು. ಅವನ ಮುಖ ಸಡಿಲವಾಯಿತು.

"ಆ ಹುಡುಗಿ ಬೇಡ ಅಂದಿದ್ಲು," ಎಂದ ಅವನು.

"ಇವತ್ತೊಂದಿನ."

ನಾಳೆಯೂ ಅದೇ ಆಯಿತು. ಆಮೇಲೆ ದಿಂಬು ಅಲ್ಲಿಂದ ಏಳಲೇ ಇಲ್ಲ. ದಿನಕ್ಕೊಮ್ಮೆ ಅವನು, "ಕೋಲು ಕೊಡೇ, ಬಾಗಿಲ ತನಕ ಹೋಗಿ ಬರ್ತೀನಿ," ಎನ್ನುತ್ತಿದ್ದ. ಮಗ ಬೈಯುತ್ತಾನೆ ಎನ್ನುತ್ತಿದ್ದಳು ಅವಳು. ಬೀರು ಅಷ್ಟೇನೂ ಎತ್ತರವಿರಲಿಲ್ಲ. ವಾರಕ್ಕೊಮ್ಮೆ ಧೂಳು ಹೊಡೆಯುವಾಗ ಅವಳೇ ಆ ಕೋಲನ್ನು ಎತ್ತಿ, ಒರೆಸಿ, ಅಲ್ಲೇ ಇಡುತ್ತಿದ್ದಳು.

ಕಳೆದ ವರ್ಷ ಮಗ ಈ ಹಜಾರದ ಹಳೆಯ ನೆಲ ಕಿತ್ತು ಕನ್ನಡಿಯಂಥ ಟೈಲ್ಸ್ ಹಾಕಿಸಿದ. ಹಳೆಯದು ಮೇಸ್ತ್ರಿಯೇ ಹಾಕಿದ್ದು. ಅವನು ಕುರ್ಚಿಯಲ್ಲೇ ಕೂತು, ಓಡಾಡುವವರ ಹೆಜ್ಜೆ ಕೇಳುತ್ತ, "ಬಾಗಿಲ ಹತ್ರದ್ದು ಟೊಳ್ಳು," ಎಂದ. "ಅಪ್ಪಾ, ಸುಮ್ನಿರಿ," ಎಂದ ಮಗ. ಸಾಯುವ ಮೂರು ದಿನ ಮುಂಚೆಯೂ ಮೇಸ್ತ್ರಿ ಅದೇ ಮಾತು ಹೇಳಿದ್ದ.

•

"ದಿಂಬು ಇಟ್ಟವಳು ನಾನು," ಎಂದಳು ಅವಳು ಎಲ್ಲರೆದುರು. "ಮಂಡಿ ಹೀಗೆ ಮಾಡಿದ್ದು ನನ್ನ ಕೈ. ನನಗೆ ನನ್ನ ಕಂಡ್ರೇ ಹೇಸಿಗೆ ಆಗ್ತಿದೆ. ಆದ್ರೆ ಇನ್ನೊಂದು ಸಲ ಅವರ ಕಾಲಿಗೆ ಯಾರೂ ಕೈ ಹಾಕೋ ಹಾಗಿಲ್ಲ."

ಸೊಸೆಯ ಡಬ್ಬಿ ಅಭ್ಯಾಸಬಲದಿಂದ ಚುಯ್ಯೆಂದಿತು.

ಬಾಗಿಲ ಬಳಿ ನಿಂತಿದ್ದ ಕುಳ್ಳ ಒಳಗೆ ಬಂದ. ಅವನ ತಲೆಯೂ ನೆರೆತಿತ್ತು, ಪ್ಯಾಂಟಿನ ಮಂಡಿಯ ಮೇಲೆ ಒಣಗಿದ ಸಿಮೆಂಟು ಇತ್ತು. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಮಂಡಿಗೂ ಅಂಚಿಗೂ ಗೇಣು ಹಾಕಿ ಅಳೆದ.

"ಪೆಟ್ಟಿಗೆ ತಪ್ಪಿಗೆ ಮೇಸ್ತ್ರಿಗ್ಯಾಕೆ ಹೊಡೀತೀರಿ?" ಎಂದ. "ಒಂದೂಕಾಲು ಗೇಣು ಹಲಗೆ ಸುತ್ತ ಹೊಡೆದು ಅಂಚು ಎತ್ತರ ಮಾಡಿದ್ರೆ ಮುಗೀತು. ಹಲಗೆ ನನ್ನ ಗಾಡೀಲಿದೆ."

"ಅಸಹ್ಯವಾಗಿ ಕಾಣತ್ತೆ," ಎಂದ ಮಗ.

"ಕಾಣಲಿ," ಎಂದಳು ತಾಯಿ.

ಮುಕ್ಕಾಲು ಗಂಟೆ ಹಿಡಿಯಿತು. ಕೊರೆಯುವ ಸದ್ದು, ಮೊಳೆಯ ಸದ್ದು. ನೆಂಟರು ಅಂಗಳದಲ್ಲಿ ಗುಂಪಾಗಿ ಟೀ ಕುಡಿದರು, ಗಾಡಿಯವನು ಎರಡು ಸಲ ಹಾರನ್ ಹೊಡೆದ. ಹೊಸ ಹಲಗೆಗೂ ಪಾಲಿಶಿನ ಪೆಟ್ಟಿಗೆಗೂ ಬಣ್ಣ ಹೊಂದಲಿಲ್ಲ. ಆದರೆ ಮುಚ್ಚಳ ಕೂತಿತು. ಕುಳ್ಳ ಅದರ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಲ್ಲುವ ತನಕ ಒಂದು ಮೂಲೆ ಸರಿಮಾಡಿದ. ಯಾರೂ ಕೇಳದ ಕೆಲಸ ಅದು.

ಹೊರುವವರು ಬಗ್ಗಿದರು. ಮಗ ಮುಂದಿನ ತುದಿ ಹಿಡಿದ. ಎಲ್ಲರೂ ಎದ್ದರು, ಮೈದುನ ಏಳಲಿಲ್ಲ.

"ನನ್ನ ಮಂಡೀನೂ ಈಗೀಗ ಹಿಡ್ಕೊಳ್ತಿದೆ ಕಣಪ್ಪ," ಎಂದ ಅವನು. "ನೀವು ಮುಗಿಸ್ಕೊಂಡು ಬನ್ನಿ."

"ನೀವು ಕೂತಿರಿ ಚಿಕ್ಕಪ್ಪ, ಒಂದು ಹೆಜ್ಜೇನೂ ಇಡಬೇಡಿ," ಎಂದ ಮಗ. ಸೊಸೆಗೆ ಕಣ್ಸನ್ನೆ ಮಾಡಿದ. ಅವಳು ಓಡಿಹೋಗಿ ಅದೇ ಹಳದಿ ದಿಂಬು ತಂದು ಮೈದುನನ ಮಂಡಿಯ ಕೆಳಗೆ ಇಟ್ಟಳು.

"ಆಹಾ," ಎಂದ ಮೈದುನ, ಕಣ್ಣು ಮುಚ್ಚಿ.

ಮೇಸ್ತ್ರಿಯ ಹೆಂಡತಿ ಒಳಗೆ ಹೋದಳು. ಬೀರುವಿನ ಮೇಲಿಂದ ಕೋಲು ಇಳಿಸಿ ತಂದಳು. ಕೋಲನ್ನು ಕುರ್ಚಿಗೆ ಒರಗಿಸಿ, ದಿಂಬನ್ನು ಎರಡೂ ಕೈಯಿಂದ ಹಿಡಿದು ಎಳೆದಾಗ ಮೈದುನನ ಕಾಲು ಧೊಪ್ಪನೆ ಕಾಲುಮಣೆಗೆ ಬಿತ್ತು.

"ಅಯ್ಯೋ ಅತ್ತಿಗೆ! ನೋವು!"

"ನೋವಿರತ್ತೆ. ಎದ್ದು ನಡಿ," ಎಂದು ಕೋಲನ್ನು ಅವನ ಕೈಗೆ ತುರುಕಿದಳು. "ಗಾಡಿ ತನಕ ನಡಿ, ಸಾಕು."

ಅವಳ ಮುಖ ನೋಡಿ ಅವನು ಎದ್ದ. ಪೆಟ್ಟಿಗೆ ಮುಂದೆ, ಹಿಂದೆ ಅವನು. ದಿಂಬನ್ನು ಕಂಕುಳಲ್ಲಿ ಒತ್ತಿ ಹಿಡಿದ ಅವಳು ಅವನ ಪಕ್ಕದಲ್ಲಿ. ರಬ್ಬರಿಲ್ಲದ ಕೋಲು ಹೊಳೆಯುವ ನೆಲದ ಮೇಲೆ ಟಣ್ ಎಂದಿತು, ಟಣ್ ಎಂದಿತು, ಮತ್ತೆ ಟಣ್. ಪೆಟ್ಟಿಗೆ ಹೊಸ್ತಿಲು ದಾಟಿತು.

ಬಾಗಿಲ ಹತ್ತಿರ ಕೋಲು 'ಟೊಪ್' ಎಂದಿತು.

ಹೊಸ್ತಿಲಾಚೆ ಪೆಟ್ಟಿಗೆಯ ಮುಂದಿನ ತುದಿ ಹೊತ್ತಿದ್ದ ಮಗ ನಿಂತುಬಿಟ್ಟ. ಹಿಂದಿನವರು ಮುಗ್ಗರಿಸಿದರು. ಮುಚ್ಚಳ ಅಲುಗಲಿಲ್ಲ.