ಭರಣಿಯ ನೀಲಿ ಮಣಿಗಳು

ರಕ್ತ ಹೀರುವ ಇಂಬಳ ಕಚ್ಚಿದ ಕಾಲನ್ನು ಎತ್ತಿಹಿಡಿದು ಯೋಸ್ತ್ ಹಳ್ಳದ ಬಂಡೆಯ ಮೇಲೆ ಕೂತು ಕಿರುಚುತ್ತಿದ್ದ. "ಉಪ್ಪು ನನ್ನ ಚೀಲದ ಪಕ್ಕದ ಜೇಬಲ್ಲಿದೆ, ಬೇಗ ಕೊಡಿ!"

ಸುಪಾಂಗ್ ಕೈಹಾಕಿದಳು. ಉಪ್ಪು ಸಿಗಲಿಲ್ಲ. ಗಂಟುಹಾಕಿದ ಕಾಲುಚೀಲವೊಂದು ಸಿಕ್ಕಿತು. ಬಿಚ್ಚಿದರೆ ಅಂಗೈಗೆ ಉರುಳಿದ್ದು ಮೂರು ನೀಲಿ ಮಣಿಗಳು. ಎಲ್ಲಿಯವು ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಂಥ ಮಣಿ ಈಗ ಯಾರೂ ಮಾಡುವುದಿಲ್ಲ.

ಯೋಸ್ತ್ ಮತ್ತು ಅವನ ಗೆಳತಿ ಮೆರೆಲ್ ಹಾಲೆಂಡಿನವರು. ಬೆನ್ನಿಗೆ ಚೀಲ ಹಾಕಿಕೊಂಡು ಒಂದು ವಾರದ ತಿರುಗಾಟಕ್ಕೆ ಬಂದಿದ್ದರು. ಕರಾವಳಿ ಪಟ್ಟಣ ಮಿರಿಯಲ್ಲಿ ಒಂದು ದಿನ, ಹೊಳೆದಂಡೆಯ ಮರೂಡಿಯಲ್ಲಿ ಒಂದು ದಿನ, ಅಲ್ಲಿಂದ ಪುಟ್ಟ ವಿಮಾನದಲ್ಲಿ ಕೆಲಾಬಿಟ್ ಬೆಟ್ಟಸೀಮೆ. ಮೂರನೆಯ ದಿನ ಬೆಳಿಗ್ಗೆ ಸುಪಾಂಗಳ ಊರಿನಿಂದ ಕಾಡಿನ ನಡಿಗೆ ಶುರುವಾಗಿತ್ತು. ದಾರಿ ತೋರಿಸಲು ಅವಳು, ಹೊರೆ ಹೊರಲು ಅವಳ ಸೋದರಮಾವ ಬಾಲಾಂಗ್ ಜೊತೆಗಿದ್ದರು.

ಅಂದು ಸಂಜೆ ಮೆರೆಲ್ ಸುಪಾಂಗಳ ಕೈ ಹಿಡಿದು, "ತೀರಿಹೋದ ನಿಮ್ಮ ಹಿರಿಯರನ್ನ ಎಲ್ಲಿ ಮಲಗಿಸ್ತಿದ್ರಿ, ಅಕ್ಕಾ?" ಎಂದು ಮೆಲ್ಲಗೆ ಕೇಳಿದ್ದಳು. "ಬೇಡ ಮಗಳೇ," ಎಂದಿದ್ದ ಬಾಲಾಂಗ್. ಸುಪಾಂಗ್ ಕೇಳಲಿಲ್ಲ. ಬಂಡೆಯಡಿಗೆ ಕರೆದುಕೊಂಡು ಹೋಗಿ, ಎಲುಬು ತುಂಬಿಟ್ಟ ಹಳೇ ಭರಣಿಗಳನ್ನು ತೋರಿಸಿದ್ದಳು. ತನ್ನ ಮುತ್ತಜ್ಜಿಯ ಭರಣಿ ಯಾವುದೆಂದೂ, ಅದರಲ್ಲಿ ಅವಳ ನೀಲಿ ಮಣಿಸರ ಇದೆಯೆಂದೂ ಹೇಳಿದ್ದಳು.

"ಇದೇನು?" ಎಂದಳು ಈಗ.

ಯೋಸ್ತನ ಮುಖ ಕೆಂಪೇರಿತು. "ಹೊರಗೆ ಬಿದ್ದಿತ್ತು. ಒಂದು ನೆನಪಿಗೆ ಅಂತ..."

"ಬಿದ್ದಿತ್ತಾ? ಮುಚ್ಚಳ ತಾನಾಗೇ ಎದ್ದು ನಿನ್ನ ಕೈಗೆ ಕೊಟ್ಟಿತಾ?"

"ನೀವು ಚರ್ಚಿಗೆ ಹೋಗೋ ಜನ ಅಂದಿದ್ರಲ್ಲ. ಈ ಭೂತಪ್ರೇತ ಎಲ್ಲಾ ನಂಬ್ತೀರಾ?"

ಸುಪಾಂಗಳ ಮೈ ಉರಿದುಹೋಯಿತು. "ಭೂತದ ಮಾತು ಯಾರು ಆಡಿದ್ರೋ? ನಿಮ್ಮಜ್ಜಿ ಗೋರಿ ಅಗೆದು ಬೆರಳಿನ ಉಂಗುರ ಕಿತ್ಕೊಂಡು ಹೋದ್ರೆ 'ನೆನಪಿಗೆ' ಅಂತ ಸುಮ್ನಿರ್ತೀಯಾ?"

ಮೂರು ದಿನ 'ನೀವು, ತಾವು' ಎಂದು ನಡೆಸಿಕೊಂಡ ಬಾಯಿ ಏಕವಚನಕ್ಕೆ ಇಳಿದಿತ್ತು. ಅವಳು ತಿದ್ದಿಕೊಳ್ಳಲಿಲ್ಲ.

"ಸರಿ, ತಪ್ಪಾಯ್ತು. ನೀವೇ ಇಟ್ಕೊಂಡು ವಾಪಸ್ ಹಾಕ್ಬಿಡಿ. ನಾಡಿದ್ದು ನಮಗೆ ಆಚೆ ಊರಿಂದ ವಿಮಾನ ಇದೆ."

"ತೆಗೆದ ಕೈಯೇ ಇಡಬೇಕು. ಏಳು."

ಬಾಲಾಂಗ್ ಹೊರೆ ಇಳಿಸಿ, ಆಚೆ ಊರಿನ ದಾರಿಗೆ ಅಡ್ಡವಾಗಿ ಕೂತುಬಿಟ್ಟ.

ಯೋಸ್ತನ ಹಟಕ್ಕೆ ಸಿಗ್ನಲ್ ಸಿಗುವ ದಿಣ್ಣೆ ಹತ್ತಿ ಮಿರಿಗೆ ಫೋನ್ ಹಚ್ಚಿದ್ದಾಯಿತು. ಪ್ರವಾಸದ ಏರ್ಪಾಟು ಮಾಡಿದ್ದ ಮಾರಾನ್ ಸುಪಾಂಗಳ ಊರಿನವನೇ, ಪಟ್ಟಣ ಸೇರಿದವನು. "ಅಕ್ಕಾ, ನಿನ್ ದಮ್ಮಯ್ಯ, ವಿಮಾನ ಹತ್ತಿಸ್ಬಿಡು. ಅವರು ಇಂಟರ್ನೆಟ್ಟಲ್ಲಿ ನಮ್ಮ ಬಗ್ಗೆ ಕೆಟ್ಟದಾಗಿ ಬರೀತಾರೆ. ಮೂರು ಮಣಿ ತಾನೇ?"

"ನಿನ್ನ ಮುತ್ತಜ್ಜನೂ ಅಲ್ಲೇ ಇದಾನೆ ಕಣೋ. ಅವನ ತಲೆಬುರುಡೇನೂ ಕಟ್ಟಿ ಕಳಿಸ್ಲಾ?" ಎಂದು ಅವಳು ಫೋನ್ ಕಟ್ ಮಾಡಿದಳು.

ಹಿಂದಿರುಗುವ ದಾರಿ ಎರಡು ದಿನ. ಸುಪಾಂಗ್ ಮುಂದೆ ನಡೆದಳು, ಕತ್ತಿಯಿಂದ ಬಳ್ಳಿ ಕಡಿಯುತ್ತ. ಕಡಿಯಬೇಕಿಲ್ಲದ ಬಳ್ಳಿಗಳನ್ನೂ ಕಡಿದಳು. ಎಲೆಯಲ್ಲಿ ಕಟ್ಟಿದ ಅನ್ನ ಕಡಿಮೆಯಾದಾಗ ನಾಲ್ಕು ಪಾಲು ಮಾಡಿದಳು, ಸಮಸಮ. ಆದರೆ ಯೋಸ್ತನ ಪಾಲನ್ನು ಕೈಗೆ ಕೊಡದೆ ಕಲ್ಲಿನ ಮೇಲಿಟ್ಟಳು. ಮೆರೆಲ್ ಮಾತ್ರ ಅವಳ ಹಿಂದೆಯೇ ಬರುತ್ತ, "ಅವನ ಪರವಾಗಿ ನಾನು ಕ್ಷಮೆ ಕೇಳ್ತೀನಿ ಅಕ್ಕಾ," ಎನ್ನುತ್ತಿದ್ದಳು. ಈ ಹುಡುಗಿಯಾದರೂ ಒಳ್ಳೆಯವಳು ಎಂದುಕೊಂಡಳು ಸುಪಾಂಗ್.

ಏಳನೆಯ ದಿನ ಮಧ್ಯಾಹ್ನ ಬಂಡೆಯಡಿ ತಲುಪಿದರು. ಯೋಸ್ತ್ ಮಣಿಗಳನ್ನು ಭರಣಿಯೊಳಕ್ಕೆ ಟಪಟಪ ಎಸೆದ.

"ಕಸದ ಬುಟ್ಟಿ ಅಂದ್ಕೊಂಡ್ಯಾ? ತೆಗಿ. ಮಂಡಿಯೂರಿ ಇಡು."

ಅವನು ಹಲ್ಲುಕಚ್ಚಿ ಮಂಡಿಯೂರಿದ. ಒಳಗಿದ್ದ ಸರದ ದಾರ ಯಾವತ್ತೋ ಲಡ್ಡಾಗಿ ಕಡಿದುಹೋಗಿತ್ತು. ಬಾಲಾಂಗ್ ಬಗ್ಗಿ ಒಂದೊಂದೇ ಮಣಿ ಎಣಿಸಿದ. ಮತ್ತೆ ಎಣಿಸಿದ. "ಹದಿನೇಳು. ನಮ್ಮಮ್ಮ ಹೇಳ್ತಿದ್ದಿದ್ದು ಹದಿನೆಂಟು. ಕಳೆದ ಸುಗ್ಗೀಲೂ ನಾನೇ ನೋಡಿದೀನಿ."

"ಮೂರೇ ತಗೊಂಡಿದ್ದು, ದೇವರಾಣೆ!" ಎಂದು ಯೋಸ್ತ್ ಅರಚಿದ.

ಆಗ ಮೆರೆಲ್ ಅಳುತ್ತ ಅಂಗಿಯೊಳಗೆ ಕೈಹಾಕಿದಳು. ಅವಳ ಕೊರಳ ದಾರದಲ್ಲಿ ನಾಲ್ಕನೆಯ ಮಣಿ ಇತ್ತು.

"ತುಂಬ ಚೆನ್ನಾಗಿತ್ತು, ಅಕ್ಕಾ..."

ಸುಪಾಂಗಳ ಕೈ ಎದ್ದೇಬಿಟ್ಟಿತು. ಬಾಲಾಂಗ್ ಹಿಡಿದುಕೊಂಡ. ಯೋಸ್ತನ ಮೇಲೆ ಕೂಗಾಡಿದ್ದೆಲ್ಲ ಬರೀ ಬಾಯಿಯ ಸಿಟ್ಟಾಗಿತ್ತು. ಇದು ಹೊಟ್ಟೆಯಿಂದ ಎದ್ದಿತ್ತು. ಕೈ ಹಿಡಿದು ಕೇಳಿದವಳೂ ಇವಳೇ, ಎರಡು ದಿನ ಕ್ಷಮೆ ಕೇಳಿದವಳೂ ಇವಳೇ, ಅಷ್ಟು ಹೊತ್ತೂ ಮುತ್ತಜ್ಜಿಯ ಮಣಿ ಇವಳ ಎದೆಯ ಮೇಲಿತ್ತು.

"ಅಕ್ಕ ಅನ್ಬೇಡ. ಇಟ್ಟು ನಡಿ."

ಮೆರೆಲ್ ಇಟ್ಟಳು. ಬಾಲಾಂಗ್ ಮುಚ್ಚಳ ಮುಚ್ಚಿದ. ಊರು ಮುಟ್ಟುವವರೆಗೂ ಮೆರೆಲ್ ಬಿಕ್ಕುತ್ತಲೇ ಇದ್ದಳು. ಪರವಾಗಿಲ್ಲ ಎಂಬ ಒಂದು ಮಾತು ಸುಪಾಂಗಳ ಬಾಯಿಂದ ಹೊರಡಲಿಲ್ಲ.

ಮಾರಾನ್ ಆಮೇಲೆ ಸುಪಾಂಗಳನ್ನು ಕೆಲಸಕ್ಕೆ ಕರೆಯಲಿಲ್ಲ. ಬೇರೊಬ್ಬನನ್ನು ಹಿಡಿದಿದ್ದಾನೆ, ಅವನೂ ಮುಂದಿನ ತಿಂಗಳು ಜನರನ್ನು ಅದೇ ದಾರಿಯಲ್ಲಿ ತರುತ್ತಾನೆ ಎಂದು ಸುದ್ದಿ ಬಂತು.

"ನೀನು ಬೇಡ ಅಂದಿದ್ದೆ, ಮಾವ," ಎಂದಳು ಸುಪಾಂಗ್.

"ಅಂದಿದ್ದೆ."

ಅಷ್ಟೇ ಅಂದು ಅವನು ಕತ್ತಿ ಮಸೆಯತೊಡಗಿದ. ಮರುದಿನ ಬೆಳಿಗ್ಗೆ ಇಬ್ಬರೂ ಹೋಗಿ ಬಂಡೆಯ ಕಡೆಗೆ ತಿರುಗುವ ಕಾಲುದಾರಿಗೆ ಮುಳ್ಳುಬೆತ್ತ ಕಡಿದು ಅಡ್ಡ ಕೆಡವಿದರು. ಮೂರಾಳು ಉದ್ದ, ಎದೆಮಟ್ಟ. ಕೈಯೆಲ್ಲ ಗೀರಿ ರಕ್ತ ಬಂತು. ಬಾಲಾಂಗ್ "ಸಾಕು" ಅಂದ ಮೇಲೂ ಅವಳು ಕಡಿಯುತ್ತಲೇ ಇದ್ದಳು.