ರೈಟ್ ರೈಟ್

ಪರದೆಯ ಮೂಲೆಯಲ್ಲಿ ಕೊಡೆ ಬಿಚ್ಚಿದಂಥ ಗುರುತು ಇರಬೇಕಿತ್ತು, ಇಲ್ಲ, ಅದರ ಜಾಗದಲ್ಲಿ ಮತ್ತೆ ಆ ಗೋಲಿಯಷ್ಟು ಭೂಗೋಳ ಬಂದು ಕೂತಿದೆ, ಅಂದರೆ ವೈಫೈ ಹೋಯಿತು — ನಿನ್ನೆಯಿಂದ ಮುಚ್ಚಿಟ್ಟಿದ್ದ ಲ್ಯಾಪ್‌ಟಾಪು ತೆರೆದ ಕೂಡಲೇ ಎಲ್ಲವನ್ನೂ ನೆನಪಿಟ್ಟುಕೊಂಡು ಎದ್ದಿದೆ, ಮಗಳು ಭಾಗ್ಯಜ್ಯೋತಿಯ ಫೋಟೊ ಇದೆ, ನಿನ್ನೆ ಅರ್ಧಕ್ಕೆ ನಿಲ್ಲಿಸಿದ ವಿಡಿಯೊ ನಿಲ್ಲಿಸಿದಲ್ಲೇ ಇದೆ, ಹೊರಗಿನವರ ಜೊತೆ ಮಾತಾಡುವುದೊಂದನ್ನು ಮರೆತಿದೆ ಅಷ್ಟೇ, ನಗು ಬರುತ್ತದೆ ನನಗೆ, ನಗು ಬಂದರೂ ಬಾಯಿಯ ಎಡಗಡೆ ಮಾತ್ರ ನಗುತ್ತದೆ, ಬಲಗಡೆ ಲಕ್ವಾ ಹೊಡೆದು ಎಂಟು ತಿಂಗಳಿಂದ ರಜೆಯ ಮೇಲಿದೆ, ಬಾರಪ್ಪಾ ಬಾ, ನೀನೂ ನಮ್ಮ ಬಳಗದವನೇ — ಆದರೆ ಇವತ್ತು ಬೇಡ, ಇವತ್ತೊಂದು ದಿನ ಬೇಡ, ಹತ್ತೂವರೆಗೆ ಅನುರಾಧಾ ಮೇಡಂ ಈ ಪರದೆಯ ಮೇಲೆ ಬರುತ್ತಾರೆ, ಕಲಬುರಗಿಯ ದವಾಖಾನೆಯಲ್ಲಿ ಕೂತು, ಜೇವರ್ಗಿಯ ಈ ಮನೆಯಲ್ಲಿ ಕೂತ ನನಗೆ ಮಾತು ಕಲಿಸುವ ಮೇಡಂ, ಪ್ರತಿ ಮಂಗಳವಾರ ಅರ್ಧ ಗಂಟೆ, ಹದಿನೈದು ನಿಮಿಷ ಕಾಯುತ್ತಾರೆ, ಅದರ ಮೇಲೆ ಕಾಯುವುದಿಲ್ಲ, ಸಾಲಾಗಿ ಮೂರು ವಾರ ತಪ್ಪಿಸಿದವರ ಜಾಗ ಸರದಿಯಲ್ಲಿ ನಿಂತ ಇನ್ನೊಬ್ಬರಿಗೆ ಹೋಗುತ್ತದೆ, ನಾನು ಎರಡು ತಪ್ಪಿಸಿದ್ದೇನೆ, ಇವತ್ತು ಮೂರನೆಯದು, ಸರದಿ ಅಂದರೆ ಸರದಿ, ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತ ನನಗೆ ಅದನ್ನು ಯಾರೂ ತಿಳಿಸಿ ಹೇಳಬೇಕಿಲ್ಲ. ಕಲಬುರಗಿಗೇ ಹೋಗೋಣವೆಂದರೆ ಬಸ್ಸಿನ ಆ ಮೂರು ಮೆಟ್ಟಿಲು ಈಗ ನನ್ನಿಂದ ಹತ್ತಲಾಗದು.

ಏನ್ರಿ, ಬಂತೇನು ನೆಟ್ಟು, ಒಳಗಿನಿಂದ ಹೆಂಡತಿ ಶಿವಕಾಂತಾ ಕೇಳುತ್ತಾಳೆ, ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ, ಇಲ್ಲ ಬಂದಿಲ್ಲ, ಭೂಗೋಳ ಕೂತಿದೆ, ಬೇಗ ಬಾ, ಅಂತ ನಾನು ಹೇಳುತ್ತೇನೆ, ಹೇಳಿದ್ದೇನೆ ಅಂತಲೇ ಅನಿಸುತ್ತದೆ, ಕಿವಿಗೆ ಬಿದ್ದಾಗ ಗೊತ್ತಾಗುತ್ತದೆ ಬಾಯಿಂದ ಬಿದ್ದದ್ದು ರೈಟ್ ರೈಟ್, ಅಷ್ಟೇ. ನೀರು ಬೇಕೆಂದರೂ ರೈಟ್ ರೈಟ್, ಬೇಡವೆಂದರೂ ಅದೇ, ಬೀಗರು ನೋಡಲು ಬಂದು ಕಣ್ಣೀರು ಹಾಕಿದಾಗಲೂ ರೈಟ್ ರೈಟ್, ಪಾಪ ಅವರು ಎದ್ದು ಹೊರಟೇಬಿಟ್ಟರು, ಊಟಕ್ಕೆ ನಿಲ್ಲಿರಿ ಅಂದಿದ್ದೆ ನಾನು. ತಲೆಯೊಳಗೆ ಮಾತು ತುಂಬಿ ಬಸ್ಸಿನ ಟಾಪಿನವರೆಗೂ ಜನ ಹತ್ತಿದ ಹಾಗಿದೆ, ಬಾಗಿಲಿಂದ ಇಳಿಯುವುದು ಅದೊಂದೇ ಪ್ರಯಾಣಿಕ — ಮಾತು ಎಲ್ಲೂ ಹೋಗಿಲ್ರಿ ಕಾಕಾ, ಒಳಗೇ ಕುಂತಾವ, ಇಳಿಯೋ ಸ್ಟಾಪ್ ಅವಕ್ಕ ಗೊತ್ತಾಗವಲ್ದು, ಅಂದಿದ್ದರು ಅನುರಾಧಾ ಮೇಡಂ ಮೊದಲ ದಿನವೇ, ಅವತ್ತು ನನಗೆ ಕಣ್ಣಲ್ಲಿ ನೀರು ಬಂತು, ಅದಕ್ಕೂ ಮುಂಚೆ ಎಲ್ಲರೂ ನನ್ನ ಎದುರೇ ನನ್ನ ಬಗ್ಗೆ ಮಾತಾಡುತ್ತಿದ್ದರು, ಆಕೆ ಒಬ್ಬಳು ನನ್ನ ಜೊತೆ ಮಾತಾಡಿದಳು, ಆ ತಾಯಿ ನೂರು ವರ್ಷ ಬಾಳಲಿ. ಸಾಲಾಗಿ ಬರುವ ಮಾತು ಮೊದಲು ಬರುತ್ತದಂತೆ, ಕಲಬುರಗಿ ಅಂತ ಆಕೆ ಶುರು ಮಾಡಿದರೆ ಫರಹತಾಬಾದ, ಕಟ್ಟಿಸಂಗಾವಿ, ಜೇವರ್ಗಿ, ಜೇರಟಗಿ, ಮೊರಟಗಿ, ಸಿಂದಗಿ ಅಂತ ನನ್ನ ಬಾಯಿ ತಾನಾಗಿ ಓಡುತ್ತದೆ, ನಡುವೆ ಒಂದರಲ್ಲಿ ಇಳಿ ಅಂದರೆ ಮಾತ್ರ ಇಳಿಯಲು ಬಾರದು, ಸಿಂದಗಿಗೇ ಹೋಗಿ ನಿಲ್ಲಬೇಕು.

ಶಿವಕಾಂತಾ ಬಂದಳು, ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಪರದೆಗೆ ಬಗ್ಗಿ ನೋಡಿದಳು, ಅಯ್ಯ ಮತ್ತ ಹೋಗ್ಯಾದ, ಅಂದಳು, ಮುಸ್ತಕೀಮಗ ಫೋನ್ ಮಾಡ್ತೀನಿ ತಡೀರಿ. ಮುಸ್ತಕೀಮನ ಮೊಬೈಲ್ ರಿಪೇರಿ ಅಂಗಡಿ ನಮ್ಮ ಗೋಡೆಗೆ ಗೋಡೆ, ವೈಫೈ ಅವನದೇ, ನಾವು ಕೇಳಿದ್ದಲ್ಲ, ಅವನೇ ಬಂದು ಹಾಕಿಕೊಟ್ಟ, ಇವತ್ತು ಆಳಂದದಲ್ಲಿ ಅವನ ಅಕ್ಕನ ಮನೆಯಲ್ಲಿ ಮದುವೆ, ಅಂಗಡಿಗೆ ಬೀಗ ಬಿದ್ದಿದೆ, ಆದರೂ ಹೋಗುವಾಗ ಕಿಟಕಿಯಲ್ಲಿ ಮುಖ ಹಾಕಿ ಹೇಳಿ ಹೋದ, ಕಾಕಾ, ಮಂಗಳವಾರ ಅಲ್ಲೇನ್ರಿ, ನಿಮ್ಮ ಸಲುವಾಗಿ ವೈಫೈ ಬಾಕ್ಸ್ ಚಾಲೂನೇ ಇಟ್ಟೀನಿ. ಮದುವೆಯ ಗಡಿಬಿಡಿಯಲ್ಲಿ ಅದನ್ನು ನೆನಪಿಟ್ಟವನಿಗೆ ನಾನು ಏನು ಹೇಳಲಿ, ಏನು ಹೇಳಿದೆ, ಅದೇ ಎರಡು ಮಾತು ಹೇಳಿದೆ. ಇವಳ ಕೈಯಲ್ಲಿ ಒತ್ತುವ ಗುಂಡಿಯ ಸಣ್ಣ ಫೋನು, ಅದರೊಳಗಿನ ಹೆಣ್ಣುಮಗಳು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅನ್ನುತ್ತಾಳೆ, ಇನ್ನೊಮ್ಮೆ, ಅದೇ, ಪರದೆ ಇರುವ ನನ್ನ ದೊಡ್ಡ ಫೋನು ನಾನು ಬಿದ್ದ ದಿನ ನನ್ನ ಕೆಳಗೇ ಸಿಕ್ಕು ಪುಡಿಯಾಯಿತು. ಬಂದ್ ಮಾಡಿ ಚಾಲೂ ಮಾಡ್ಲೇನ್ರಿ, ಅನ್ನುತ್ತಾಳೆ, ಬೇಡ, ಕಳೆದೆರಡು ಮಂಗಳವಾರ ಅದನ್ನೇ ಮಾಡಿ ಕೆಟ್ಟೆವು, ಹಳೆಯ ಲ್ಯಾಪ್‌ಟಾಪು, ಮಲಗಲು ಒಂದು ಗಳಿಗೆ, ಏಳಲು ಮೂರು ಗಳಿಗೆ, ಎದ್ದ ಮೇಲೆ ವೈಫೈ ಬಂತು ನಿಜ, ಅಷ್ಟರಲ್ಲಿ ಮೇಡಂ ಕಾದು ಹೋಗಿದ್ದರು, ಬಂತಲ್ಲ ಸಾಕು, ರಿಪೇರಿ ಆಯಿತು ಅಂತ ಇವಳು ಮುಸ್ತಕೀಮನಿಗೆ ಹೇಳಲೇ ಇಲ್ಲ, ನಾನು ಹದಿನೈದು ದಿನದಿಂದ ಹೇಳುತ್ತಲೇ ಇದ್ದೇನೆ, ಆಗಿಲ್ಲ, ಆಗಿಲ್ಲ, ರೈಟ್ ರೈಟ್. ಯಾಕೆಂದರೆ ನನಗೆ ಗೊತ್ತು ಎಲ್ಲಿ ಕೆಟ್ಟಿದೆ, ದಸರೆಗೆ ಮುಂಚೆ ಹೀಗೇ ಆದಾಗ ಮುಸ್ತಕೀಮ ನನ್ನ ಪಕ್ಕದಲ್ಲೇ ಕೂತು ಸರಿಮಾಡಿದ್ದ, ಮಾಡುತ್ತಾ ಮಾಡುತ್ತಾ ನನಗೆ ತಿಳಿಯುತ್ತದೆಂದು ನಂಬಿ ಹೇಳುತ್ತಾ ಹೋದ, ಇದು ಮಲಗುವಾಗ ಕರೆಂಟ್ ಉಳಸಾಕ ವೈಫೈ ಮಷಿನ್ನೂ ಮಲಗಸ್ತದ ಕಾಕಾ, ಮತ್ತ ತಾ ಏಳ್ತದ, ಅದನ್ನ ಎಬ್ಬಸೋದು ಮರೀತದ, ನೋಡ್ರಿ ಇಲ್ಲಿ ಚೌಕದಾಗ ರೈಟ್ ಹೊಡದದ, ಈ ರೈಟ್ ತಗದು ಓಕೆ ಒತ್ತಿದ್ರ ಮಷಿನ್ ಒಮ್ಮಿ ಝಾಡಿಸಿ ಎದ್ದು ಕುಂದರ್ತದ. ನಾನು ರೈಟ್ ರೈಟ್ ಅಂದೆ, ಅವನು ನಕ್ಕು ಹಾಂ ಕಾಕಾ, ಅದೇ ರೈಟ್ ಅಂದ, ಇಬ್ಬರೂ ನಕ್ಕೆವು. ಒಂದೂವರೆ ತಿಂಗಳು ಏನೂ ತೊಂದರೆ ಇರಲಿಲ್ಲ, ಎರಡು ವಾರದ ಹಿಂದೆ ಅಪ್‌ಡೇಟ್ ಅಂತ ಅರ್ಧ ದಿನ ತನ್ನಷ್ಟಕ್ಕೆ ತಾನು ಗಿರಗಿರ ತಿರುಗಿತು, ಆಗ ಆ ರೈಟು ಮತ್ತೆ ಬಿದ್ದಿರಬೇಕು.

ಮನೆಯೆದುರಿನ ಬಸ್ ಸ್ಟ್ಯಾಂಡಿನಲ್ಲಿ ಸಿಂದಗಿ ಗಾಡಿ ಹಿಂದಕ್ಕೆ ಸರಿಯುತ್ತಿದೆ, ಅಂದರೆ ಹತ್ತೂ ಇಪ್ಪತ್ತೈದು, ಗಡಿಯಾರ ಓದಲು ಬಾರದು ಈಗ, ಅಕ್ಷರವೂ ಅಂಕಿಯೂ ಇರುವೆ ಹರಿದ ಹಾಗೆ ಹರಿದು ಹೋಗುತ್ತವೆ, ಆದರೆ ಗಾಡಿಗಳ ಹಾರ್ನು ನನಗೆ ಮೋಸ ಮಾಡಿಲ್ಲ — ಗಾಡಿ ಅಂದರೆ ನಾನು ಬಿದ್ದ ದಿನದ ಆ ಅಫಜಲಪುರದ ಗಾಡಿ, ಸೊನ್ನದ ಬ್ಯಾರೇಜು ದಾಟಿ ಬರುತ್ತಿದ್ದೆವು, ಬಿಸಿಲು, ಕಿಣ್ಣಿ ಸುಲ್ತಾನದ ಮಲ್ಕಮ್ಮ ಎಂಬಾಕೆ ದೊಡ್ಡ ಗಂಟನ್ನು ದಾರಿಯಲ್ಲಿಟ್ಟು ಕೂತಿದ್ದಳು, ನಾನು ಹರಿಹಾಯ್ದೆ, ನಿಮ್ಮಪ್ಪನ ಗಾಡಿ ಏನು ಅಂತಲೂ ಅಂದೆ, ಆಕೆಯೂ ಬಿಡಲಿಲ್ಲ, ಹತ್ತು ನಿಮಿಷವೂ ಆಗಿರಲಿಲ್ಲ, ಸೀಟಿ ಬಾಯಿಗಿಟ್ಟುಕೊಂಡೆ, ಸೀಟಿ ಜಾರಿ ಬಿತ್ತು, ಬಗ್ಗಿ ಎತ್ತಿಕೊಳ್ಳಲು ಕೈ ಬರಲಿಲ್ಲ, ಮುಂದಿನದು ಆಕೆಯ ತೊಡೆಯ ಮೇಲೆ ನನ್ನ ತಲೆ, ಆಕೆ ಡ್ರೈವರನಿಗೆ ಹೇಳುತ್ತಿದ್ದಾಳೆ, ನಮ್ಮ ಮಾವಗ ಹಿಂಗೇ ಆಗಿತ್ತು, ಎಲ್ಲೂ ನಿಲ್ಲಸಬ್ಯಾಡ್ರಿ, ಸೀದಾ ದವಾಖಾನಿಗೆ ಹೊಡೀರಿ. ಗಾಡಿ ತುಂಬ ಜನ, ದಾರಿಯಲ್ಲಿ ಅವರ ಊರುಗಳು ಒಂದೊಂದಾಗಿ ಹಿಂದೆ ಹೋದವು, ಒಬ್ಬರೂ ಹೋಲ್ಡಾನ್ ಅನ್ನಲಿಲ್ಲ, ಎಲ್ಲರೂ ನನ್ನ ಜೊತೆ ದವಾಖಾನೆಯ ಗೇಟಿನವರೆಗೂ ಬಂದರು, ಅವರಲ್ಲಿ ಎಷ್ಟು ಜನರ ಜೊತೆ ನಾನು ಜಗಳವಾಡಿದ್ದೆನೋ, ಅವರೆಲ್ಲರ ಋಣದಲ್ಲಿ ನನ್ನ ಈ ಎಡಗೈ ಆಡುತ್ತಿದೆ, ಈ ಕಣ್ಣು ನೋಡುತ್ತಿದೆ. ಮಲ್ಕಮ್ಮನ ಊರಿಗೆ ಒಮ್ಮೆ ಹೋಗಬೇಕು.

ಎಡಗೈಯಿಂದ ಪರದೆಯ ಕೆಳಗಿನ ಕಿಟಕಿ ಗುರುತು ತೋರಿಸಿದೆ, ಇದೇನ್ರಿ, ಇದನ್ನ ಒತ್ತಬೇಕೇನು, ಅಂದಳು ಶಿವಕಾಂತಾ, ಹೌದು, ನಾನೇ ಒತ್ತಲು ಆಗುವುದಿಲ್ಲ, ಎಡಗೈಗೆ ರೂಢಿಯಿಲ್ಲ, ಪರದೆಯ ಮೇಲಿನ ಬಾಣ ಹಳ್ಳಕೊಳ್ಳ ಬಿದ್ದು ಓಡುತ್ತದೆ. ಮುಸ್ತಕೀಮ ಹೋದ ದಾರಿಯನ್ನು ನಾನು ಅವತ್ತು ಸ್ಟಾಪುಗಳ ಲೆಕ್ಕದಲ್ಲಿ ನೆನಪಿಟ್ಟಿದ್ದೆ, ಕಿಟಕಿ ಗುರುತಿನ ಮೇಲೆ ಬಲಗಡೆಯ ಗುಂಡಿ ಒತ್ತುವುದು ಫರಹತಾಬಾದ, ಉದ್ದನೆಯ ಪಟ್ಟಿಯಲ್ಲಿ ಮೇಲಿಂದ ಆರನೆಯದು ಕಟ್ಟಿಸಂಗಾವಿ, ಅಲ್ಲಿಂದ ಸಣ್ಣ ಸಣ್ಣ ಚಿತ್ರಗಳ ಓಣಿ ಬರುತ್ತದೆ, ಅದರಲ್ಲಿ ಎರಡು ಟಿವಿ ಅಕ್ಕಪಕ್ಕ ಇಟ್ಟಂಥ ಚಿತ್ರ ಜೇವರ್ಗಿ, ಅದರ ಹೊಟ್ಟೆಯೊಳಗಿನ ಮೊದಲನೆಯ ಸಾಲು ಜೇರಟಗಿ, ಎರಡು ಸಲ ಒತ್ತಬೇಕು. ಬೆರಳು ತೋರಿಸುತ್ತೇನೆ, ಇವಳು ಒತ್ತುತ್ತಾಳೆ, ಒಮ್ಮೆ ಪಕ್ಕದ ಸಾಲನ್ನು ಒತ್ತಿ ಬೇರೇನೋ ತೆರೆದುಕೊಂಡಿತು, ಮಗಳ ಲ್ಯಾಪ್‌ಟಾಪು ಕೆಟ್ಟರೆ ಹಾಸ್ಟೆಲಿನಲ್ಲಿ ಕೂತ ಆಕೆ ಏನಂದಾಳು ಅಂತ ಗಾಬರಿಯಾಗಿ ಕೈ ಎಳೆದುಕೊಂಡಳು, ಎಲ್ಲ ಹಾಳ ಮಾಡ್ಲಿಕತ್ತೀವಿ ಅನಸ್ತದ್ರಿ, ಬಿಟ್ಟಬಿಡಮು, ಅಂದಳು. ನಾನು ತಲೆ ಅಲ್ಲಾಡಿಸಿದೆ, ಮತ್ತೆ ಹಿಂದಿನ ಸ್ಟಾಪಿನಿಂದ ಕರೆತಂದೆ, ಏಳನೇ ಇಯತ್ತೆ ಓದಿದ ಹೆಂಗಸು, ಓದು ಮರೆತ ಗಂಡಸು, ಇಬ್ಬರೂ ಸೇರಿ ಮೊರಟಗಿಗೆ ಬಂದೆವು, ಮೇಲಿನ ಚೀಟಿಗಳಲ್ಲಿ ಕೊನೆಯದು, ಅದನ್ನು ಒತ್ತಿದರೆ ಅಲ್ಲಿದೆ, ಚೌಕ, ಚೌಕದೊಳಗೆ ರೈಟು. ಮತ್ತೆ ಬಂದಿದ್ದೀಯಲ್ಲ ಮಗನೇ.

ಶಿವಕಾಂತಾಳ ಬೆರಳು ಪ್ಯಾಡಿನ ಮೇಲೆ ನಿಂತಿದೆ, ಒರೆಸಿದರೂ ಉಗುರಿನ ಸುತ್ತ ಜೋಳದ ಹಿಟ್ಟು ಒಣಗಿ ಬೆಳ್ಳಗೆ ಕೂತಿದೆ. ಇಲ್ಲಿ ರೈಟ್ ಅದ ನೋಡ್ರಿ, ಅಂದ್ರ ಎಲ್ಲ ಸರಿ ಅದ ಅಂತಾತಲ್ಲ, ಅನ್ನುತ್ತಾಳೆ, ಅವಳದೇನು ತಪ್ಪು, ಮಾಸ್ತರರು ಹಾಕಿದ ರೈಟನ್ನು ಯಾರಾದರೂ ಅಳಿಸುತ್ತಾರೆಯೇ, ಸರಿಯಿಲ್ಲ ಮಾರಾಯ್ತಿ, ಇದೇ ಸರಿಯಿಲ್ಲ, ಇದರಿಂದಲೇ ಎಲ್ಲ, ಅನ್ನುತ್ತೇನೆ, ಬಾಯಿಂದ ರೈಟ್ ರೈಟ್. ಹಾಂ, ನೀವೂ ರೈಟ್ ಅಂತೀರಿ, ಹಂಗಾದ್ರ ಇರ್ಲಿ, ಅಂದು ಬಾಣವನ್ನು ಮೇಲಿನ ಮುಚ್ಚುವ ಕತ್ತರಿ ಗುರುತಿನ ಕಡೆಗೆ ಒಯ್ಯುತ್ತಾಳೆ, ಎಡಗೈಯಿಂದ ಅವಳ ಮುಂಗೈ ಹಿಡಿದೆ, ಬೆರಳು ನಿಂತಿತು. ಹೊರಗೆ ಮೈಕಿನಲ್ಲಿ ವಿಜಯಪುರದ ಗಾಡಿ ಕೂಗುತ್ತಿದ್ದಾರೆ, ಹತ್ತೂ ನಲವತ್ತು, ಮೇಡಂ ಹತ್ತು ನಿಮಿಷದಿಂದ ಕಾಯುತ್ತಿದ್ದಾರೆ, ಇನ್ನು ಐದು ನಿಮಿಷ. ಒಂದು ಮಾತು ಬೇಕು, ಒಂದೇ ಒಂದು, ಅದರ ಅಕ್ಕತಂಗಿಯರೆಲ್ಲ ನನಗೆ ಗೊತ್ತು, ಅಳಿಸು, ಒರೆಸು, ಕೀಳು, ಎಲ್ಲ ಒಳಗೆ ನಿಂತಿವೆ, ಒಂದೂ ಬಾಗಿಲಿಗೆ ಬರುತ್ತಿಲ್ಲ, ಸಾಲಿನಲ್ಲಿ ಬರುವ ಮಾತು ಹಿಡೀರಿ ಕಾಕಾ, ಮೇಡಂ ಯಾವಾಗಲೂ ಅನ್ನುತ್ತಾರೆ, ಯಾವ ಸಾಲು, ಊರುಗಳ ಸಾಲಿನಲ್ಲಿ ಅದಿಲ್ಲ, ಮತ್ತೆಲ್ಲಿದೆ, ಬೆಳಗಿನ ಮೊದಲ ಗಾಡಿ, ಜನ ಜನ, ನಾನು ಒಳಗೆ ನುಗ್ಗುತ್ತಿದ್ದೇನೆ, ಒಳಗ ನಡೀರಿ, ಹಿಂದ ಸರೀರಿ, ಯಾರ್ರಿ ಅದು, ಟಿಕೆಟ್ ತಗೀರಿ, ಟಿಕೆಟ್ ತಗೀರಿ — ಅಲ್ಲಿದೆ, ಇಪ್ಪತ್ತೆಂಟು ವರ್ಷ ದಿನಕ್ಕೆ ಸಾವಿರ ಸಲ, ಅಲ್ಲೇ ಇದೆ, ತುಟಿ ಆಡುತ್ತಿದೆ, ಸದ್ದಿಲ್ಲ, ಶಿವಕಾಂತಾ ನನ್ನ ತುಟಿ ನೋಡುತ್ತಿದ್ದಾಳೆ, ಏನ್ರಿ, ಏನ್ ಹೇಳಾಕತ್ತೀರಿ, ಸುಮ್ಮನಿರು, ಗಾಡಿ ಓಡಲಿ, ನಡೀರಿ ಸರೀರಿ ಟಿಕೆಟ್, ನಡೆಯುವ ಗಾಡಿಯಿಂದ ಹಾರಿದವರನ್ನು ನಾನು ಜೀವಮಾನವೆಲ್ಲ ಬೈದಿದ್ದೇನೆ, ಈಗ ನಾನೇ ಹಾರಬೇಕು, ನಡೀರಿ, ಸರೀರಿ, ಟಿಕೆಟ್ —

ತಗಿ.

ಯಾರು ಅಂದದ್ದು, ಗೊಗ್ಗರು ಧ್ವನಿ, ಗೋಡೆಯ ಆಚೆಯಿಂದ ಬಂದಂತಿತ್ತು, ಮತ್ತೊಮ್ಮೆ ಹಾರಿದೆ, ರೈಟ್ ತಗಿ. ರೈಟ್ ತಗಿ. ಬೆರಳು ಕೆಳಗೆ ಬಂತು, ಒತ್ತಿತು, ರೈಟು ಹೋಯಿತು, ಚೌಕ ಖಾಲಿಯಾಯಿತು, ಓಕೆ ನಾನು ಹೇಳುವ ಮೊದಲೇ ಅವಳಿಗೆ ಗೊತ್ತು, ಅದನ್ನೂ ಒತ್ತಿದಳು, ಭೂಗೋಳ ಒಂದು ಗಳಿಗೆ ಮಿಣುಕಿತು, ಮಾಯವಾಯಿತು, ಕೊಡೆ ಬಿಚ್ಚಿತು, ಒಂದು ಗೆರೆ, ಎರಡು, ಪೂರ್ತಿ, ಮೇಡಂ ಕರೆ ತಾನಾಗಿ ಪರದೆಯ ಮೇಲೆ ತೆರೆದುಕೊಂಡಿತು, ಸೈದಪ್ಪ ಕಾಕಾ, ಕೇಳಸ್ತದೇನ್ರಿ, ಅನುರಾಧಾ ಮೇಡಂ, ಕಾದಿದ್ದರು, ಇನ್ನೂ ಇದ್ದರು, ಅಕ್ಕಾ ಅವರೇ, ನೀವಾದ್ರೂ ಕೇಳ್ಸಿಕೊಂಡ್ರೇನು. ಶಿವಕಾಂತಾ ಆ ಕಡೆ ನೋಡುತ್ತಲೇ ಇಲ್ಲ. ಮೊದಲ ಮಾತು ನಿನ್ನ ಹೆಸರಾಗಲಿ ಶಿವಕಾಂತಾ ಅಂತ ಎಂಟು ತಿಂಗಳಿಂದ ಕಾದಿಟ್ಟಿದ್ದೆ, ನಿನ್ನಿಂದ ಬದುಕಿದೆ ಅನ್ನಬೇಕಿತ್ತು, ಬಾಗಲಾ ತಗಿ, ನೀರು ತಾ, ರೊಟ್ಟಿ ಹಾಕು, ಇಪ್ಪತ್ತಾರು ವರ್ಷ ನಿನಗೆ ಹುಕುಂ ಮಾಡಿದ್ದೇ ಬಂತು, ಬಾಯಿ ಬಿಟ್ಟ ಕೂಡಲೇ ಮತ್ತೆ ಹುಕುಮ್ಮೇ ಬಿತ್ತಲ್ಲ, ನಾಚಿಕೆಯಾಗುತ್ತದೆ ನನಗೆ, ಆದರೆ ಅವಳು ಮೊಣಕೈಯಿಂದ ಕಣ್ಣು ಒರೆಸಿಕೊಳ್ಳುತ್ತಾಳೆ, ಅಳುತ್ತಾಳೋ ನಗುತ್ತಾಳೋ, ಎಂಟ್ ತಿಂಗಳಾತ್ರಿ, ಅನ್ನುತ್ತಾಳೆ, ಎಂಟ್ ತಿಂಗಳಾತು ನೀವು ನನಗೊಂದ್ ಕೆಲಸ ಹೇಳಿ, ಇನ್ನೊಂದ್ ಹೇಳ್ರಿ, ಏನರೆ ಹೇಳ್ರಿ, ಮಾಡ್ತೀನಿ. ಪರದೆಯಲ್ಲಿ ಮೇಡಂ ಕರೆಯುತ್ತಿದ್ದಾರೆ, ಹೊರಗೆ ವಿಜಯಪುರದ ಗಾಡಿ ಹೊರಟಿತು, ನನಗೆ ಕಾಣುವುದು ಬೆರಳೊಂದೇ, ಉಗುರಿನ ಸುತ್ತ ಹಿಟ್ಟು ಒಣಗಿದ ಬೆರಳು, ಎತ್ತದೆ, ಒತ್ತದೆ, ನಾನು ಹೇಳಲಿ ಅಂತ ಕಾಯುತ್ತಿರುವ ಬೆರಳು, ಹಿಟ್ಟು ಹತ್ತಿದ ಬೆರಳು, ಬೆರಳು —