ಬಾಲವಿದ್ದ ಬೀದಿದೀಪ

೧
ಹೇಗೆ ಶುರು ಮಾಡಲಿ? ‘ನನ್ನ ಹೆಂಡತಿ ತೀರಿಕೊಂಡಳು’ ಎಂದು ಬರೆದು ಹೊಡೆದುಹಾಕಿದೆ.

“ಮೊದಲನೇ ಸಾಲಲ್ಲೇ ಸಾಯಿಸ್ಬೇಕಾ? ಒಂದೆರಡು ಪ್ಯಾರಾ ಓಡಾಡ್ಕೊಂಡಿರೋಕೆ ಬಿಡ್ರೀ,” ಎಂದಳು, ಕಾಗದದೊಳಗಿಂದಲೇ.

ಸರಿ, ಓಡಾಡಲಿ.

೨
ಸಂಜೆ ಪ್ರಾರ್ಥನೆ ಮುಗಿಸಿ ಕಿಟಕಿಯ ಬಳಿ ಕೂರುತ್ತಿದ್ದೆವು. ಎದುರಿನ ಬೀದಿದೀಪ ಹತ್ತಿಕೊಳ್ಳುತ್ತಿತ್ತು.

“ನೋಡಿ, ಬೆಳಕಿಗೆ ಬಾಲ ಇಳೀತು.”

“ಬಾಲ ಎಲ್ಲಿದೆ? ಸುತ್ತ ಮುಳ್ಳಿದೆ. ನಿನಗೆ ಕನ್ನಡಕ ಬೇಕು.”

“ನಿಮಗೆ ಬೇಕು. ಮುಳ್ಳಂತೆ!”

ಈ ಜಗಳಕ್ಕೆ ನಮ್ಮ ಮದುವೆಯಷ್ಟೇ ವಯಸ್ಸು.

೩
(ಇಲ್ಲಿ ಸ್ವಲ್ಪ ಪಾಠವಿದೆ. ಬೇಸರವಾದವರು ದಾಟಿಹೋಗಬಹುದು, ನಾನೂ ಮೊದಲು ದಾಟಿಹೋಗಿದ್ದೆ.)

ಮಗಳು ಕಣ್ಣು ಅಳೆಯುವ ಲ್ಯಾಬಿನಲ್ಲಿದ್ದಾಳೆ. ರೋಗವಿಲ್ಲದ ಕಣ್ಣುಗಳು ಬೇಕೆಂದು ಒಮ್ಮೆ ನಮ್ಮಿಬ್ಬರನ್ನೂ ಅಳೆದಳು. ಯಾವ ಕಣ್ಣೂ ಬೆಳಕಿನ ಚುಕ್ಕೆಯನ್ನು ಚುಕ್ಕೆಯಾಗಿಯೇ ಹಿಡಿಯುವುದಿಲ್ಲವಂತೆ. ಎಲ್ಲೋ ಒಂದಿಷ್ಟು ಎಳೆಯುತ್ತದೆ, ಹರಡುತ್ತದೆ. ಮಬ್ಬುಗತ್ತಲಲ್ಲಿ ಕಣ್ಣಿನ ಪಾಪೆ ಹಿಗ್ಗಿದಾಗ ಹೆಚ್ಚು. ಒಬ್ಬರ ದೋಷದಂತೆ ಇನ್ನೊಬ್ಬರದಿರುವುದಿಲ್ಲ.

“ಇಬ್ಬರದೂ ಸರಿ. ಇಬ್ಬರದೂ ನಾರ್ಮಲ್,” ಎಂದಳು ಮಗಳು.

“ನಾರ್ಮಲ್ಲಾ? ಅಷ್ಟೇನಾ?” ಎಂದು ನನ್ನವಳಿಗೆ ಬೇಜಾರು. ಆಮೇಲೆ ತಾನೇ ನಕ್ಕಳು. “ದೇವರು ಒಬ್ಬೊಬ್ಬರಿಗೂ ಬೇರೆ ಬೇರೆ ದೀಪ ಕೊಟ್ಟಿದಾನೆ, ಬಿಡಿ.”

೪
ಇನ್ನು ಮುಂದೂಡಲಾರೆ. ಅವಳು ತೀರಿಕೊಂಡಳು. ಕಾಗದದೊಳಗಿಂದ ಮಾತಿಲ್ಲ.

೫
ಲ್ಯಾಬಿನಲ್ಲಿ ಬಾಗುವ ಕನ್ನಡಿಯ ಯಂತ್ರವೊಂದಿದೆ. ಅದು ನೋಡುವವರ ಕಣ್ಣಿನ ದೋಷವನ್ನು ಅಳಿಸಿ, ಬೇರೆಯವರದನ್ನು ಹಾಕಬಲ್ಲದು. ಒಮ್ಮೆಯಾದರೂ ಅವಳು ಕಂಡಂತೆ ಕಾಣಬೇಕೆಂದು ಮಗಳ ಬೆನ್ನುಹತ್ತಿದೆ.

ಗದ್ದ ಊರಿ ಕುಳಿತೆ. ಮೊದಲು ಮಗಳು ನನ್ನ ದೋಷ ಅಳಿಸಿದಳು. ಎದುರಿಗೆ ನನ್ನ ಹೆಂಡತಿಯ ಫೋಟೋ. ರೆಪ್ಪೆಯ ಒಂದೊಂದು ಕೂದಲೂ ಕಂಡಿತು. ಯಾರೋ ಹೆಂಗಸು.

“ಇವಳಲ್ಲ.”

“ಅಮ್ಮನೇ ಅಪ್ಪಾ. ನೀವು ಇಷ್ಟು ವರ್ಷ ನಿಮ್ಮ ಮಬ್ಬಲ್ಲೇ ನೋಡಿದ್ರಲ್ಲ, ಅದು ಹೋಯ್ತು, ಅಷ್ಟೇ.”

ಆಮೇಲೆ ಚಿತ್ರ ಬದಲಿಸಿ ದೀಪವಿಟ್ಟು, ಹಿಂದೆ ಅಳೆದಿಟ್ಟಿದ್ದ ಅಮ್ಮನ ಅಳತೆ ಹಾಕಿದಳು. ಬಾಲವಿತ್ತು. ಕೆಳಕ್ಕೆ, ಸ್ವಲ್ಪ ಎಡಕ್ಕೆ.

“ಇಷ್ಟು ಮಂಕಾಗಿ ಕಾಣ್ತಿತ್ತಾ ಅವಳಿಗೆ? ಒಂದು ದಿನವೂ ಹೇಳಲಿಲ್ಲವಲ್ಲೇ.”

“ಅಮ್ಮನಿಗೆ ಮಂಕಲ್ಲ. ತನ್ನ ಕಣ್ಣಿಗೆ ಮೆದುಳು ಒಗ್ಗಿರುತ್ತೆ. ನಿಮಗೆ ಸಿಕ್ಕಿದ್ದು ಅಮ್ಮನ ಕಣ್ಣು. ಅಮ್ಮನ ನೋಟ ಹಾಕೋಕೆ ನನ್ನ ಹತ್ರ ಏನೂ ಇಲ್ಲ.”

೬
ಮೂರು ಕೊನೆಗಳನ್ನು ಬರೆದು ನೋಡಿದೆ. ಒಂದರಲ್ಲಿ ‘ಎಲ್ಲಾ ಕಂಡೆ’ ಎಂದು ಎದ್ದು ಬರುತ್ತೇನೆ, ಅದು ಸುಳ್ಳು. ಇನ್ನೊಂದರಲ್ಲಿ ದಿನವೂ ಹೋಗಿ ಅವಳ ಮಂಕಿಗೆ ಒಗ್ಗಿಕೊಳ್ಳುತ್ತೇನೆ. ಆಗ ನಾನು ಕಂಡ ಅವಳ ಮುಖ ಎಲ್ಲಿ ಉಳಿಯುತ್ತದೆ? ಮೂರನೆಯದನ್ನು ದೇವರಿಗೆ ಬಿಟ್ಟೆ. ಅವನು ಇನ್ನೂ ಬರೆದಿಲ್ಲ.

“ಅಮ್ಮನ ಅಳತೆಯಲ್ಲೇ ನಿಮ್ಮ ಫೋಟೋ ಹಾಕ್ಲಾ?” ಎಂದಳು ಮಗಳು, ನಾನಿನ್ನೂ ಯಂತ್ರದ ಮುಂದಿದ್ದಾಗಲೇ.

ಹ್ಞೂಂ ಎಂದೆ.

“ಅಪ್ಪಾ, ಕಣ್ಣಲ್ಲಿ ನೀರು ತುಂಬಿದ್ರೆ ಅಳತೆಯೆಲ್ಲ ಕೆಡುತ್ತೆ. ಒರೆಸ್ಕೊಳ್ಳಿ, ಮತ್ತೆ ನೋಡೋಣ.”

ಒರೆಸಿಕೊಳ್ಳುತ್ತಿದ್ದೇನೆ. ಮಗಳು ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕಾಯುತ್ತಿದ್ದಾಳೆ.